ಆವಣಿ ಬರುವ ತನಕ ಬಾಡದಿರಲಿ

ತಮಿಳರ ಆಡಿ ತಿಂಗಳ ಹದಿನೆಂಟರ ಹಬ್ಬ ಕಳೆದ ಮರುದಿನ, ಮಧ್ಯಾಹ್ನ ಮೂರರ ಹೊತ್ತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದ ಧೂಳನ್ನೆಲ್ಲ ಎತ್ತಿ ಜನರ ಕಣ್ಣಿಗೆ ಎರಚುತ್ತಿತ್ತು.

ಗೋಕಿಲಾ ಒಂದು ಕೈಯಲ್ಲಿ ಅಮ್ಮನ ಸೊಂಟ ಬಳಸಿ, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಚೀಲ ಹಿಡಿದು ಪಳನಿ ಬಸ್ಸಿನ ಮೆಟ್ಟಿಲ ಮುಂದೆ ನಿಂತಿದ್ದಳು.

ಅಮ್ಮ ಜಾನಮ್ಮನಿಗೆ ಮೆಟ್ಟಿಲು ಹತ್ತುವಷ್ಟೂ ಉಸಿರಿರಲಿಲ್ಲ. ಕಾಲು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖ ಮಂಜಿನೊಳಗಿನ ನೆರಳಿನ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಡಾಕ್ಟರು ಗೋಕಿಲಾಳನ್ನು ಮಾತ್ರ ಒಳಗೆ ಕರೆದು ಹೇಳಿದ್ದರು. ಹೃದಯ ಸೋತಿದೆಯಮ್ಮ. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಅಷ್ಟೇ...! ಆ ಒಂದು ಮಾತು ಅವಳ ಎದೆಯ ಮೇಲೆ ಬೀಸುಕಲ್ಲಿನ ಹಾಗೆ ಕುಳಿತಿತ್ತು.

ಹೇಗೋ ಅಮ್ಮನನ್ನು ಎತ್ತಿ ಬಸ್ಸಿನೊಳಗೆ ತಂದರೆ ಒಂದು ಸೀಟೂ ಖಾಲಿ ಇಲ್ಲ. ಇಲ್ಲ... ಇತ್ತು! ಕಿಟಕಿಯ ಪಕ್ಕದ ಸೀಟಿನಲ್ಲಿ ಮನುಷ್ಯರ ಬದಲು ಒಂದು ದೊಡ್ಡ ಹೂಗುಚ್ಛ ಆರಾಮಾಗಿ ಕುಳಿತಿತ್ತು. ಅದರ ಪಕ್ಕದಲ್ಲಿ ಒಬ್ಬ ಯುವಕ ಕಣ್ಣು ಮುಚ್ಚಿ ತೂಕಡಿಸುತ್ತಿದ್ದ.

ಗೋಕಿಲಾಳಿಗೆ ಬೆಳಗಿನಿಂದ ಅದುಮಿಟ್ಟಿದ್ದ ದುಃಖವೆಲ್ಲ ಸಿಟ್ಟಾಗಿ ನಾಲಿಗೆಗೆ ಬಂತು.

"ರೀ ಸಾರ್! ಹೂವಿಗೆ ಸೀಟು, ಮನುಷ್ಯರು ನಿಂತ್ಕೊಂಡು ಸಾಯಬೇಕಾ?" ಎಂದು ತಮಿಳಿನಲ್ಲಿ ಕಿರುಚಿದಳು.

ಇಡೀ ಬಸ್ಸು ತಿರುಗಿ ನೋಡಿತು. ಯುವಕ ಬೆಚ್ಚಿಬಿದ್ದು ಎದ್ದ.

"ಬಿಡು ಅಮ್ಮುಣಿ, ಪಾವಂ, ನಿದ್ದೆ ಮಾಡ್ತಾ ಇತ್ತು ಕೂಸು" ಎಂದು ಜಾನಮ್ಮ ಮನೆಯ ಕನ್ನಡದಲ್ಲಿ ಸಮಾಧಾನ ಹೇಳಿದಳು.

ಆ ಮಾತು ಕೇಳಿದ್ದೇ ತಡ, ಅವನ ಮುಖ ಅರಳಿತು. "ಕನ್ನಡದೋರಾ? ಕ್ಷಮಿಸಿ ಅಮ್ಮ... ಬನ್ನಿ, ಕೂತ್ಕೊಳ್ಳಿ. ನೀವೂ ಕೂತ್ಕೊಳ್ಳಿ ಮೇಡಂ, ನಾನು ನಿಲ್ತೀನಿ."

ಗೋಕಿಲಾ ಅವನ ಮುಖ ನೋಡಲಿಲ್ಲ. ಕುಳಿತ ಗಳಿಗೆಗೇ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳೆಲ್ಲ ಒಟ್ಟಿಗೆ ಬಂದು ಕಣ್ಣು ಎಳೆದವು. ಬಸ್ಸು ಪೊಳ್ಳಾಚಿ ದಾಟಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಅವಳು ನಿದ್ದೆ ಮಾಡುತ್ತಿದ್ದಾಗಲೇ ಎಲ್ಲ ನಡೆದುಹೋಯಿತು...

ಹೂಗುಚ್ಛ ಜಾನಮ್ಮನ ಮಡಿಲಲ್ಲಿತ್ತು. ಅವಳು ಒಂದೊಂದೇ ಹೂವನ್ನು ಬೆರಳಿನಿಂದ ತಡವುತ್ತಿದ್ದಳು.

ಅವನ ಹೆಸರು ಪ್ರಣವ್. ಹೊಸದುರ್ಗದವನು. ಮಡತ್ತುಕುಳಂ ಸುತ್ತಿನ ಗಾಳಿಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್. ವರ್ಷವಿಡೀ ಒಂದೂ ಅಪಘಾತ ಆಗಲಿಲ್ಲವೆಂದು ಕೊಯಮತ್ತೂರಿನಲ್ಲಿ ಸಮಾರಂಭ ಮಾಡಿ ಅವನ ಕೈಗೆ ಈ ಹೂಗಳನ್ನು ಕೊಟ್ಟಿದ್ದರು.

"ಮನೆ ದೇವರು ಯಾರು ತಂಬಿ?"

"ರಂಗಪ್ಪ ಅಮ್ಮ."

"ಅಯ್ಯೋ ಸಾಮಿ! ನಾವೂ ಕಾರಮಡೈ ರಂಗನ ಒಕ್ಕಲು. ಅಪ್ಪ ಅಮ್ಮ ಇದ್ದಾರಾ? ಮದುವೆ ಆಗಿದೆಯಾ?"

"ಇದ್ದಾರೆ. ಮದುವೆ ಇನ್ನೂ ಇಲ್ಲ ಅಮ್ಮ" ಎಂದು ಅವನು ನಕ್ಕ. ವಯಸ್ಸಾದವರು ಕೇಳುವುದೇ ಇದನ್ನಲ್ಲವೇ? "ಈ ಹೂವು ನೀವೇ ಇಟ್ಕೊಳ್ಳಿ. ನನ್ನ ರೂಮಲ್ಲಿ ಒಂದು ಚೊಂಬೂ ಇಲ್ಲ."

"ನಂಗಾ? ನಾನು ಹೂ ಮುಡಿಯೋಳಲ್ಲ ಸಾಮಿ. ಮುಡಿಸಿದೋರು ಹೋಗಿ ವರ್ಷಗಳಾಯ್ತು."

ಅವನು ತಡವರಿಸಿದ. ತಲೆ ವಾಲಿಸಿ ಮಲಗಿದ್ದ ಗೋಕಿಲಾಳ ಕಡೆ ಒಮ್ಮೆ ನೋಡಿದ. ಆಗ ಕಿರುಚಿದ್ದ ಆ ಮುಖ ಈಗ ಅಳುವ ಮುಂಚಿನ ಮಗುವಿನ ಮುಖದ ಹಾಗಿತ್ತು.

"ಹಾಗಾದ್ರೆ... ನಿಮ್ಮ ಮಗಳಿಗೆ ಕೊಡಿ ಅಮ್ಮ."

ಜಾನಮ್ಮನ ಕೈ ನಿಂತಿತು. "ತಿಳಿದು ಹೇಳ್ತಿದ್ದೀಯಾ ತಂಬಿ?"

"ಹೂಂ ಅಮ್ಮ" ಎಂದ ಪ್ರಣವ್, ಏನೂ ತಿಳಿಯದೆ.

*

ಗೋಕಿಲಾಳಿಗೆ ಸಂಗತಿ ತಿಳಿದದ್ದು ಮರುದಿನ ಬೆಳಿಗ್ಗೆ.

ಎಷ್ಟೋ ದಿನಗಳಿಂದ ಒಬ್ಬಳೇ ಎದ್ದು ಕೂರಲಾಗದ ಅಮ್ಮ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದಳು! ಪಕ್ಕದ ಮನೆಯ ಸೆಲ್ವಿ ಅಕ್ಕನನ್ನು ಬೇರೆ ಕರೆಸಿಕೊಂಡಿದ್ದಳು.

"ಗಂಡಿನ ಕೈಯಿಂದ ಹೂ ಬಂದಿದೆ ಸೆಲ್ವಿ. ಅವನೇ ಬಾಯಿಬಿಟ್ಟು ಹೇಳಿದ, ಮಗಳಿಗೆ ಕೊಡಿ ಅಂತ."

ಗೋಕಿಲಾ ಕೈಲಿದ್ದ ಕಾಫಿ ಲೋಟವನ್ನು ಹಾಗೇ ಹಿಡಿದು ನಿಂತಳು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಗಂಡಿನ ಕಡೆಯವರು ಹೆಣ್ಣಿನ ತಾಯಿಯ ಮಡಿಲಿಗೆ ಹೂ ಹಾಕಿ "ಮಗಳಿಗೆ" ಎಂದರೆ ಸಂಬಂಧ ಕೇಳಿದ ಹಾಗೆ. ತಾಯಿ ತೆಗೆದುಕೊಂಡರೆ ಒಪ್ಪಿದ ಹಾಗೆ. ಆ ಹೂವನ್ನೇ ಮಗಳ ಜಡೆಗೆ ಇಟ್ಟರೆ ಮುಗಿಯಿತು, ಅವಳು ಆ ಮನೆಯವಳು. ತಲೆತಲಾಂತರದಿಂದ ಹಾಗೇ ನಡೆದು ಬಂದಿತ್ತು. ಬಸ್ಸಿನಲ್ಲಿ ಯಾರೋ ಆಫೀಸಿನ ಹೂಗುಚ್ಛ ಹೊತ್ತು ಬರುತ್ತಾರೆಂದು ಆ ಹಿರಿಯರಿಗೇನು ಗೊತ್ತಿತ್ತು?

"ಆಡೀಲಿ ಶುಭ ಕಾರ್ಯ ಅಂತ ಜಡೆಗೆ ಹೂ ಇಡಬಾರದಲ್ಲಾ ಅಕ್ಕಾ" ಎಂದಳು ಸೆಲ್ವಿ.

"ಅದಕ್ಕೇ ಕರೆದದ್ದು. ಆಡಿ ಮುಗಿದು ಆವಣಿ ಹುಟ್ಟಿದ ಒಂದನೇ ತಾರೀಕು ಇಡೋಣ. ಅಲ್ಲೀ ತನಕ ಈ ಹೂವು ಬಾಡಬಾರದು. ಅಮ್ಮುಣಿ, ಅದು ನಿನ್ನ ಕೆಲಸ."

"ಅಮ್ಮಾ... ಅವ್ರು ಸುಮ್ನೆ..."

ಗೋಕಿಲಾ ಮಾತು ಶುರು ಮಾಡಿದಳು. ಅಮ್ಮ ಅವಳ ಕಡೆ ಮುಖ ತಿರುಗಿಸಿದಳು. ಆ ಮಂಜುಗಣ್ಣುಗಳಲ್ಲಿ ಎಷ್ಟು ಬೆಳಕಿತ್ತೆಂದರೆ... ಮಗಳ ಮಾತು ಅಲ್ಲೇ ಸತ್ತಿತು.

ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ.

ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಗೋಕಿಲಾ ತಲೆ ತಗ್ಗಿಸಿ, "ಸೆರಿ ಅಮ್ಮಾ" ಎಂದಳು.

*

ಆ ಮನೆಯಲ್ಲಿ ಹೂವನ್ನು ನೀರಿನಲ್ಲಿಟ್ಟವರೇ ಇರಲಿಲ್ಲ. ಹೂವೆಂದರೆ ಜಡೆಗೆ, ಇಲ್ಲವೇ ದೇವರ ಪಟಕ್ಕೆ. ಸಂಜೆಗೆ ಬಾಡಿತು, ಬೆಳಿಗ್ಗೆ ಗಿಡದ ಬುಡಕ್ಕೆ ಹೋಯಿತು, ಅಷ್ಟೇ.

ಈಗ ಗೋಕಿಲಾ ಹೊಲಿಗೆ ಮೆಷಿನ್ ಬದಿಗಿಟ್ಟು ಫೋನಿನಲ್ಲಿ ಹುಡುಕಿ ಕಲಿಯತೊಡಗಿದಳು. ತಿರುಪ್ಪೂರಿನ ಬನಿಯನ್ ಕಂಪನಿಯ ಕೆಲಸ ಬಿಟ್ಟು ಬಂದ ಮೇಲೆ ಅಮ್ಮನ ಮಂಚದ ಪಕ್ಕವೇ ಕುಳಿತು ಅವಳು ಊರವರ ರವಿಕೆ ಹೊಲಿಯುತ್ತಿದ್ದಳು.

ಪ್ಲಾಸ್ಟಿಕ್ ಹಾಳೆ ಬಿಚ್ಚಿದಳು. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತಳು. ಕಡ್ಡಿಯ ತುದಿಯನ್ನು ನೀರೊಳಗೇ ಹಿಡಿದು ಓರೆಯಾಗಿ ಕತ್ತರಿಸಿದಳು. ಹಿತ್ತಾಳೆ ಚೊಂಬಿನ ನೀರಿಗೆ ಚಿಟಿಕೆ ಸಕ್ಕರೆ, ನಾಲ್ಕು ಹನಿ ನಿಂಬೆರಸ. ದಿನಾ ಬೆಳಿಗ್ಗೆ ನೀರು ಬದಲು, ಮತ್ತೆ ತುದಿಗೆ ಕತ್ತರಿ. ಬಾಳೆಹಣ್ಣಿನ ಗೊನೆ ಪಕ್ಕದಲ್ಲಿದ್ದರೆ ಹೂ ಬೇಗ ಸೊರಗುತ್ತದಂತೆ. ಗೊನೆ ಹೊರಗೆ ಹೋಯಿತು. ಫ್ಯಾನಿನ ಗಾಳಿ ಆಗದಂತೆ, ಆಡಿಯ ಗಾಳಿಯಂತೂ ಸೋಕಲೇಬಾರದಂತೆ. ಕಿಟಕಿ ಮುಚ್ಚಿತು. ಸಂಜೆಯಾದರೆ ಚೊಂಬು ನೀರಿನ ಮಡಕೆಯ ತಂಪಿಗೆ.

"ಏನ್ ಗೋಕಿಲಾ, ಮನೇಲಿ ಹೂ ಮಾರೋ ಪೂಕ್ಕಡೈ ಇಟ್ಟಿದ್ದೀಯಾ ಇಲ್ಲಾ ಪ್ರಸೂತಿ ಆಸ್ಪತ್ರೆಯಾ?" ಎಂದು ಸೆಲ್ವಿ ನಗುತ್ತಿದ್ದಳು. "ನನ್ನ ಮಕ್ಕಳನ್ನ ನಾನು ಇಷ್ಟು ನೋಡ್ಕೊಂಡಿಲ್ಲ!"

ಜಾನಮ್ಮ ಮಾತ್ರ ಮಗುವಾದಳು. ಪ್ರತಿ ಬೆಳಿಗ್ಗೆ ಚೊಂಬನ್ನು ಹತ್ತಿರ ತರಿಸಿ ಹೂಗಳನ್ನು ತಡವಿ ಮಾತಾಡಿಸುವುದು.

"ಈ ತಟ್ಟೆಹೂವಿಗೆ ಕತ್ತು ಸೋತಿದೆ, ನೋಡು. ಈ ರೋಜಾ ನೆನ್ನೆಗಿಂತ ಬಿಚ್ಕೊಂಡಿದೆ. ಈ ಸುಕ್ಕುಸುಕ್ಕು ಹೂವು ಯಾವುದು? ಇದು ಗಟ್ಟಿಗಿತ್ತಿ!"

ಅದು ಕೆಂಪು ಕಾರ್ನೇಷನ್. ಅಂಥ ಹೂವು ತನಗೂ ಬಂತಲ್ಲ ಎಂದು ಮುದುಕಿ ಮುಟ್ಟಿ ಮುಟ್ಟಿ ಸಂತೋಷಪಟ್ಟಳು. ಬದುಕಿನಲ್ಲಿ ಅವಳು ಎಷ್ಟೋ ಹೂ ಕಟ್ಟಿದ್ದಳು, ಮಾರಿದ್ದಳು. ಉಡುಗೊರೆಯೆಂದು ಯಾರೂ ಕೊಟ್ಟಿರಲಿಲ್ಲ.

ಭಾನುವಾರ ಬಾಗಿಲಲ್ಲಿ ದನಿ ಕೇಳಿತು. "ಅಮ್ಮಾ, ಇದ್ದೀರಾ?"

ಪ್ರಣವ್! ಗೋಕಿಲಾ ಹೊಲಿಯುತ್ತಿದ್ದ ರವಿಕೆ ಕೆಳಗಿಟ್ಟು ಎದ್ದಳು. ಬಸ್ಸಿನಲ್ಲಿ ಅಮ್ಮ ಮನೆಯ ಗುರುತು ಹೇಳಿ ಕಳಿಸಿದ್ದಳಂತೆ.

ಅವನ ಕೈಯಲ್ಲಿ ಊರಿನಿಂದ ತಾಯಿ ಕಳಿಸಿದ ನಿಪ್ಪಟ್ಟು, ಎರಡು ಬಟ್ಟಲು ಕೊಬ್ಬರಿ. ಜಾನಮ್ಮ ನಿಪ್ಪಟ್ಟನ್ನು ಟೀಯಲ್ಲಿ ನೆನೆಸಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ನಮ್ಮಜ್ಜಿ ಮಾಡ್ತಾ ಇದ್ದ ತಿಂಡಿ ಇದು... ಹೆಸರು ಮರೆತಿದ್ದೆ, ರುಚಿ ಮರೆತಿಲ್ಲ ನೋಡು!"

ಹೊರಡುವಾಗ ಅವಳು ಪೆಟ್ಟಿಗೆ ತೆಗೆಸಿ ಹೊಸ ಬಿಳಿ ತುಂಡನ್ನು ಅವನ ಹೆಗಲಿಗೆ ಹೊದಿಸಿದಳು. ಅಲ್ಲಿಯವರು ತುಂಡು ಎನ್ನುವ ಹೆಗಲವಸ್ತ್ರ, ಅಳಿಯನಿಗೆ ಕೊಡುವ ಮೊದಲ ಬಟ್ಟೆ ಅದು.

"ಅಯ್ಯೋ, ತುಂಬಾ ಥ್ಯಾಂಕ್ಸ್ ಅಮ್ಮ! ಗಾಳಿಯಂತ್ರ ಹತ್ತಿದಾಗ ಬೆವರು ಒರೆಸೋಕೆ ಇಂಥದ್ದೇ ಬೇಕಿತ್ತು" ಎಂದ ಆ ಪುಣ್ಯಾತ್ಮ.

ಸೆಲ್ವಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದಳು. ಗೋಕಿಲಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಗೇಟಿನ ಹತ್ತಿರ ಅವನು ನಿಂತ. "ಬಸ್ಸಲ್ಲಿ ನೀವು ಬೈದದ್ದು ಸರಿಯಾಗೇ ಇತ್ತು. ನಾನು ಹೂವಿಗೆ ಸೀಟು ಕೊಡಬಾರದಿತ್ತು."

"ನಾನೂ ಅಷ್ಟು ಜೋರಾಗಿ ಕಿರುಚಬಾರದಿತ್ತು ಸಾರ್."

"ಅಮ್ಮ ಬೇಗ ಹುಷಾರಾಗ್ತಾರೆ ಬಿಡಿ."

ಅವಳ ಕಣ್ಣು ತುಂಬಿತು. ಅವನು ಅದನ್ನು ನೋಡಿದ. ಏನೂ ಕೇಳದೆ, ಬಿಸಿಲಿನಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಅವಳ ಜೊತೆ ನಿಂತ. ಆ ಸುಮ್ಮನೆ ನಿಂತದ್ದೇ ಗೋಕಿಲಾಳ ಮನಸ್ಸಿನೊಳಗೆ ಹೋಗಿ ಕುಳಿತುಬಿಟ್ಟಿತು...

ದೇವರೇ, ಸುಳ್ಳು ಸಂಬಂಧಕ್ಕೆ ನನ್ನ ಮನಸ್ಸು ಯಾಕೆ ನಿಜವಾಗಿ ಹೋಗ್ತಿದೆ?

*

ಆಮೇಲೆ ಅವನು ಬಂದ, ಮತ್ತೆ ಬಂದ. ಒಮ್ಮೆ ಅಮ್ಮನಿಗೆ ಒರಗಿ ಕೂರಲು ದಿಂಬು ತಂದ. ಒಮ್ಮೆ ಬರೀ ಕೈಯಲ್ಲಿ ಬಂದು ಹೊಸದುರ್ಗದ ಗುಡ್ಡದ ಕತೆ ಹೇಳಿ ಅಮ್ಮನನ್ನು ನಗಿಸಿದ.

ಆಮೇಲೆ ಇದ್ದಕ್ಕಿದ್ದ ಹಾಗೆ ಬರುವುದು ನಿಂತಿತು.

ನಡೆದದ್ದು ಇಷ್ಟು. ಬಸ್‌ಸ್ಟಾಪಿನ ಟೀ ಅಂಗಡಿಯ ಕುಮರೇಶನ್ ಒಂದು ಸಂಜೆ ಅವನ ಮುಂದೆ ಟೀ ಇಡುತ್ತಾ, "ಜಾನಮ್ಮನ ಮನೆಗೆ ಹೋಗ್ತಾ ಇರ್ತೀರಲ್ಲ ಸಾರ್, ಅವರ ಮಗಳಿಗೆ ಗಂಡು ಗೊತ್ತಾಯ್ತಂತೆ. ಹೂ ಬಂದಿದೆ, ಆವಣೀಲಿ ಜಡೆಗೆ ಇಡ್ತಾರಂತೆ. ಗಂಡು ಯಾರೋ ದೊಡ್ಡ ಎಂಜಿನಿಯರ್ ಅಂತೆ" ಎಂದಿದ್ದ.

ಆ ದೊಡ್ಡ ಎಂಜಿನಿಯರ್ ತಾನೇ ಎಂದು ಪ್ರಣವನಿಗೆ ಹೊಳೆಯುವುದಾದರೂ ಹೇಗೆ?

ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದ. ನಿಶ್ಚಯವಾದ ಹುಡುಗಿಯ ಮನೆಗೆ ಹೋಗಿ ನಾನು ಕಣ್ಣರಳಿಸಿ ಕೂರುತ್ತಿದ್ದೆನಲ್ಲ! ಅವರು ಏನಂದುಕೊಂಡರೋ... ನಾಚಿಕೆಯಿಂದ, ಅದಕ್ಕಿಂತ ಹೆಚ್ಚು ನೋವಿನಿಂದ, ಅವನು ಆ ಬೀದಿಯನ್ನೇ ಬಿಟ್ಟ.

ಇತ್ತ ಚೊಂಬಿನಲ್ಲಿ ಹೂಗಳು ಒಂದೊಂದಾಗಿ ಸೋಲತೊಡಗಿದವು. ಮೊದಲು ತಟ್ಟೆಹೂಗಳು ಕತ್ತು ಬಾಗಿಸಿದವು. ಕಡ್ಡಿಗೆ ಪೊರಕೆಕಡ್ಡಿ ಕಟ್ಟಿ ನಿಲ್ಲಿಸಿದಳು, ನಿಲ್ಲಲಿಲ್ಲ. ಆಮೇಲೆ ರೋಜಾ. ಮುಟ್ಟಿದರೆ ಎಸಳು ಉದುರುತ್ತಿತ್ತು. ಉಳಿದದ್ದು ಕಾರ್ನೇಷನ್‌ಗಳು, ಅವುಗಳಲ್ಲೂ ಕೆಲವು.

ಅಮ್ಮನೂ ಹಾಗೇ. ಒರಗಿ ಕೂರುವುದು ನಿಂತಿತು. ಊಟ ಎರಡು ತುತ್ತಿಗೆ ಇಳಿಯಿತು.

"ತಂಬಿ ಯಾಕೆ ಬರಲಿಲ್ಲ ಅಮ್ಮುಣಿ?"

"ಗಾಳಿ ಕಾಲ ಅಲ್ವಾ ಅಮ್ಮಾ, ಕೆಲಸ ಜಾಸ್ತಿ."

ಅವರಿಗೆ ಗೊತ್ತಾಗಿರಬೇಕು, ಎಂದುಕೊಂಡಳು ಗೋಕಿಲಾ. ಗೊತ್ತಾಗಿ ಓಡಿಹೋಗಿದ್ದಾರೆ. ಸರಿಯೇ ತಾನೆ? ಸೀಟು ಬಿಟ್ಟುಕೊಟ್ಟ ತಪ್ಪಿಗೆ ಯಾರು ತಾಳಿ ಕಟ್ಟುತ್ತಾರೆ?

"ಉಡುಮಲೈಗೆ ಹೋಗಿ ಇಂಥದ್ದೇ ಹೊಸ ಹೂ ತಂದು ಇಟ್ಟುಬಿಡು. ನಿಮ್ಮಮ್ಮನಿಗೆ ಕಣ್ಣು ಕಾಣಲ್ಲ" ಎಂದಳು ಸೆಲ್ವಿ.

"ಬೇಡ ಅಕ್ಕಾ. ಮೋಸ ಆಗುತ್ತೆ."

"ಇದೆಲ್ಲಾ ಮೋಸ ಅಲ್ವಾ? ಆ ತಂಬಿಗೇ ಗೊತ್ತಿಲ್ಲದ ನಿಶ್ಚಯ!"

"ಆದ್ರೂ... ಆ ಹೊಸ ಹೂವನ್ನ ಅವ್ರು ಕೈಯಾರೆ ಕೊಟ್ಟಿಲ್ಲ."

ಹೇಳಿಬಿಟ್ಟು ಗೋಕಿಲಾ ತಾನೇ ಬೆಚ್ಚಿದಳು. ಸೆಲ್ವಿಯ ನಗು ನಿಂತಿತು. ಅವಳು ಗೋಕಿಲಾಳ ಕೆನ್ನೆ ಸವರಿ, "ಅಪ್ಪಡಿಯಾ, ಹಂಗಾ ಕಣ್ಣು... ಇಷ್ಟು ದೂರ ಹೋಗಿದೆಯಾ?" ಎಂದಳು.

*

ಆವಣಿಗೆ ಒಂದೇ ದಿನ ಉಳಿದಾಗ ಅಮ್ಮ ಕೇಳಿದಳು. "ನಾಳೆ ಬರ್ತಾನಲ್ಲಾ? ಅವನು ಬರದೆ ಹೂ ಇಡೋದು ಹೆಂಗೆ?"

ಗೋಕಿಲಾ ಮಾನ ಮರ್ಯಾದೆ ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಅವನ ಕೆಲಸದ ಜಾಗಕ್ಕೆ ಹೊರಟಳು. ತೆಂಗಿನ ತೋಟ, ಈರುಳ್ಳಿ ಹೊಲಗಳ ನಡುವೆ ಆಳೆತ್ತರದ ಬೇಲಿ, ಅದರಾಚೆ ಆಕಾಶಕ್ಕೆ ಮುಟ್ಟುವ ಕಾತ್ತಾಡಿ. ಊರವರು ಗಾಳಿಯಂತ್ರಕ್ಕೆ ಹೇಳುವುದು ಹಾಗೆ. ಅದರ ರೆಕ್ಕೆಗಳು ಹೂಂ... ಹೂಂ... ಎಂದು ತಿರುಗುತ್ತಿದ್ದವು.

ಪ್ರಣವ್ ಹೆಲ್ಮೆಟ್ ತೆಗೆಯುತ್ತಾ ಬಂದ. ಹೆಗಲ ಮೇಲೆ ಅದೇ ಬಿಳಿ ತುಂಡು. ಅದನ್ನು ಕಂಡು ಗೋಕಿಲಾಳಿಗೆ ಅಳು ಒತ್ತರಿಸಿತು.

"ಏನ್ರೀ? ಅಮ್ಮ ಹೇಗಿದ್ದಾರೆ?"

"ನಾಳೆ ಒಂದು ದಿನ ಬಂದು ಹೋಗ್ತೀರಾ ಸಾರ್? ಕೈ ಮುಗಿದು ಕೇಳ್ತೀನಿ."

"ನಾಳೆ ನಿಮ್ಮ ಮನೇಲಿ ಶುಭ ಕಾರ್ಯ ಅಲ್ವಾ? ನಾನು ಯಾಕೆ ಅಲ್ಲಿ..." ಅವನು ಬೇರೆ ಕಡೆ ನೋಡಿದ. "ನಿಮ್ಮನ್ನ ಮದುವೆ ಆಗೋರು ತಪ್ಪು ತಿಳ್ಕೋಬಾರದು."

"ಮದುವೆ ಆಗೋರಾ? ಯಾರು ಹೇಳಿದ್ದು?"

"ಊರಿಗೆಲ್ಲ ಗೊತ್ತು. ಹೂ ಬಂದಿದೆಯಂತೆ, ಎಂಜಿನಿಯರ್ ಅಂತೆ."

ಗೋಕಿಲಾ ಅವನನ್ನೇ ನೋಡಿದಳು. ನಗು ಬಂತು. ಅದರ ಬೆನ್ನಿಗೇ ಅಳು ಬಂತು.

"ಅದು ನಿಮ್ಮ ಹೂವು ಸಾರ್...!"

"ಏನು?"

"ಬಸ್ಸಲ್ಲಿ ನಮ್ಮಮ್ಮನ ಮಡಿಲಿಗೆ ಹೂ ಕೊಟ್ಟು, ಮಗಳಿಗೆ ಕೊಡಿ ಅಂದ್ರಲ್ಲ. ನಮ್ಮಲ್ಲಿ ಹೆಣ್ಣು ಕೇಳೋದು ಹಂಗೇ. ಅಮ್ಮ ನಂಬಿಬಿಟ್ಟಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ಅವಳ ಉಸಿರು ಅವತ್ತೇ..." ಅವಳು ಅವನ ಹೆಗಲಿನ ಕಡೆ ಬೆರಳು ತೋರಿಸಿದಳು. "ಆ ತುಂಡು ಬೆವರು ಒರೆಸೋಕೆ ಕೊಟ್ಟದ್ದಲ್ಲ ಸಾರ್, ಅಳಿಯನಿಗೆ ಕೊಟ್ಟದ್ದು. ಹುಷಾರಾಗ್ತಾರೆ ಅಂದ್ರಿ... ಆಗಲ್ಲ. ಡಾಕ್ಟರು ಕೈ ಬಿಟ್ಟಿದ್ದಾರೆ."

ಪ್ರಣವ್ ಹೆಗಲ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದ. ಅದರ ಮೇಲೆ ಗ್ರೀಸಿನ ಕಲೆಗಳಿದ್ದವು. ಅವನ ಮುಖ ಕೆಂಪಾಯಿತು.

"ನಾನು ಬರ್ತೀನಿ" ಎಂದ, ತಕ್ಷಣ.

ಆ ಬೇಗ ಬಂದ ಉತ್ತರವೇ ಗೋಕಿಲಾಳಿಗೆ ಮುಳ್ಳಾಯಿತು. ಸಾಯುವವಳ ಮೇಲಿನ ಕರುಣೆ. ಮತ್ತೇನು?

"ಅಮ್ಮನಿಗಾಗಿ ಮಾತ್ರ ಸಾರ್. ಅವಳಿರೋ ತನಕ. ಆಮೇಲೆ ನಿಮಗೆ ಯಾವ ಕಟ್ಟೂ ಇಲ್ಲ. ನಾನು ಕೇಳಲ್ಲ."

"ಗೋಕಿಲಾ, ಒಂದು ಮಾತು..."

"ಬೇಡ. ಈಗ ನೀವು ಏನು ಹೇಳಿದ್ರೂ ನಂಗೆ ನಂಬೋಕೆ ಆಗಲ್ಲ."

ಅವಳು ತಿರುಗಿ ನಡೆದಳು. ಗಾಳಿ ಅವಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಅವಳು ಮುಂದಕ್ಕೇ ನಡೆದಳು.

*

ಆವಣಿ ಒಂದನೇ ತಾರೀಕು ಬೆಳಿಗ್ಗೆ ಚೊಂಬಿನಲ್ಲಿ ಒಂದೇ ಒಂದು ಕಾರ್ನೇಷನ್ ಇತ್ತು. ಅಂಚು ಕಂದಿತ್ತು, ಒಳಗಿನ್ನೂ ಕೆಂಪಿತ್ತು. ಜಾನಮ್ಮ ಅದನ್ನು ತಡವಿ, "ಇದೆ!" ಎಂದಳು. "ನೋಡಿದ್ಯಾ ಸೆಲ್ವಿ, ಇದೆ!"

ಪ್ರಣವ್ ಬಿಳಿ ಅಂಗಿ, ಪಂಚೆ ಉಟ್ಟು ಬಂದ. ತುಂಡನ್ನು ಒಗೆದು ಹೊದ್ದಿದ್ದ. ಎಷ್ಟು ಉಜ್ಜಿದರೂ ಗ್ರೀಸು ಪೂರ್ತಿ ಹೋಗಿರಲಿಲ್ಲ.

"ಗಂಡಿನ ಕಡೆ ಹೆಂಗಸರು ಯಾರು ಬಂದಿದ್ದಾರೆ?" ಎಂದು ಜಾನಮ್ಮ ಕೇಳಿದಳು.

ಸೆಲ್ವಿ ಮುಂದೆ ಬಂದಳು. "ಇವತ್ತು ನಾನೇ ಮಾಪ್ಳೆ ಕಡೆಯೋಳು. ಏನು, ನನಗೆ ವೀಳ್ಯ ಮರ್ಯಾದೆ ಮಾಡ್ತೀರೋ ಇಲ್ವೋ? ಮಾಡದಿದ್ರೆ ಗಂಡನ್ನ ಎಬ್ಬಿಸಿಕೊಂಡು ಹೋಗ್ತೀನಿ!"

ಜಾನಮ್ಮ ಉಸಿರಿಲ್ಲದೆಯೂ ನಕ್ಕಳು.

"ನಾನು ಇಡಬಾರದು. ನೀನಿಡು ಸೆಲ್ವಿ. ನನ್ನ ಕೈ ನಿನ್ನ ಕೈ ಮೇಲಿರಲಿ."

ಸೆಲ್ವಿ ಹೂ ಹಿಡಿದಳು. ಅವಳ ಕೈಯ ಮೇಲೆ ಜಾನಮ್ಮನ ಊದಿದ ಕೈ. ಹೂವು ಗೋಕಿಲಾಳ ಜಡೆ ಸೇರಿತು.

ಇದು ನಿಜವಾಗಿದ್ದರೆ... ಎಂದುಕೊಂಡು ಗೋಕಿಲಾ ಕಣ್ಣು ಮುಚ್ಚಿದಳು.

"ಅಪ್ಪ ಅಮ್ಮ ಯಾವಾಗ ಬರ್ತಾರೆ ತಂಬಿ?"

"ಬರ್ತಾರೆ ಅಮ್ಮ. ಕರ್ಕೊಂಡು ಬರ್ತೀನಿ" ಎಂದ ಪ್ರಣವ್. ಅವನ ದನಿ ಒಂದಿಷ್ಟೂ ಅಲುಗಲಿಲ್ಲ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ ಎಂದು ಗೋಕಿಲಾಳಿಗೆ ನೋವಾಯಿತು.

ಅಂದಿನಿಂದ ಅವನು ಕೆಲಸ ಮುಗಿದದ್ದೇ ಬರುತ್ತಿದ್ದ. ಅಮ್ಮನ ಕಾಲಿಗೆ ಎಣ್ಣೆ ಸವರುತ್ತಿದ್ದ, ಗಂಜಿ ಕುಡಿಸುತ್ತಿದ್ದ. ಗೋಕಿಲಾಳ ಜೊತೆ ಬೇಕಾದಷ್ಟೇ ಮಾತು. ಆ ಮನೆಯಲ್ಲಿ ಮೂವರಿದ್ದರು. ಒಬ್ಬಳಿಗೆ ತುಂಬು ನೆಮ್ಮದಿ, ಉಳಿದ ಇಬ್ಬರಿಗೆ ಬಾಯಿಬಿಟ್ಟು ಹೇಳಲಾಗದ ಸಂಕಟ.

ಒಂದು ಬೆಳಿಗ್ಗೆ ಗೋಕಿಲಾ ಕಾಫಿ ತಂದಾಗ ಜಾನಮ್ಮ ಎದ್ದೇಳಲಿಲ್ಲ. ಮುಖದಲ್ಲಿ ನೋವಿರಲಿಲ್ಲ. ಮಗಳ ಮದುವೆ ಗೊತ್ತು ಮಾಡಿದ ತಾಯಿಯ ಮುಖ, ಅಷ್ಟೇ.

*

ಅಮರಾವತಿಯ ದಂಡೆಯಲ್ಲಿ ಚಿಕ್ಕಪ್ಪ ವೇಲುಸಾಮಿ ಕೊಳ್ಳಿ ಇಟ್ಟರು. ಬಂದ ನೆಂಟರು ಒಬ್ಬೊಬ್ಬರಾಗಿ ಹೋದರು. ಕಾರ್ಯ ಮುಗಿಯುವ ತನಕ ಪ್ರಣವ್ ನೀರು ಹೊತ್ತ, ಚಪ್ಪರ ಬಿಚ್ಚಿಸಿದ, ಬಂದವರಿಗೆ ಎಲೆ ಹಾಕಿದ.

ಎಲ್ಲ ಮುಗಿದ ಮರುದಿನ ಬೆಳಿಗ್ಗೆ, ಗೋಕಿಲಾ ಜಗುಲಿಯ ಕಂಬಕ್ಕೆ ಒರಗಿ ನಿಂತು, ಅವನ ಮುಖ ನೋಡದೆ ಹೇಳಿದಳು.

"ನೀವು ಮಾಡಿದ್ದನ್ನ ಈ ಜನ್ಮದಲ್ಲಿ ಮರೆಯಲ್ಲ ಸಾರ್. ಇನ್ನು ನಂಬಿಸಬೇಕಾದೋರು ಯಾರೂ ಇಲ್ಲ. ನಿಮ್ಮ ಕಟ್ಟು ಬಿಚ್ಚಿತು."

"ಅದನ್ನೇ ನಾನೂ ಕಾಯ್ತಾ ಇದ್ದೆ."

ಕಾಯುತ್ತಿದ್ದರಂತೆ...!

"ಅಮ್ಮ ಇರೋವಾಗ ನಾನು ಏನು ಹೇಳಿದ್ರೂ ನೀವು ಕರುಣೆ ಅಂತಿದ್ರಿ. ಈಗ ಅವರಿಲ್ಲ. ನಾನು ಯಾರ ಮೇಲೆ ಕರುಣೆ ತೋರಿಸಲಿ? ಆದ್ರೂ ನಾನು ಇಲ್ಲೇ ನಿಂತಿದ್ದೀನಲ್ಲ ಗೋಕಿಲಾ. ಇದಕ್ಕೆ ಏನು ಹೆಸರು, ನೀವೇ ಹೇಳಿ."

ಅವಳು ಕಂಬವನ್ನು ಗಟ್ಟಿಯಾಗಿ ಹಿಡಿದಳು.

"ಟೀ ಅಂಗಡೀಲಿ ನಿಮಗೆ ಗಂಡು ಗೊತ್ತಾಯ್ತು ಅಂದಾಗ, ಆ ಗಂಡನ್ನ ಎಷ್ಟು ಶಪಿಸಿದ್ದೆ ಗೊತ್ತಾ? ಆಮೇಲೆ ನೋಡಿದ್ರೆ ನನ್ನನ್ನೇ ಶಪಿಸಿಕೊಂಡಿದ್ದೆ!"

ಅಳುವಿನ ನಡುವೆ ಅವಳಿಗೆ ನಗು ಬಂತು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಬಂದ ನಗು.

"ನಿಮ್ಮ ಅಪ್ಪ ಅಮ್ಮ?"

"ನಿಮ್ಮಮ್ಮ ಹೋದ ಸಂಜೆಯೇ ಮನೆಗೆ ಫೋನ್ ಮಾಡಿ, ನಿಮ್ಮನ್ನೇ ಮದುವೆ ಆಗ್ತೀನಿ ಅಂತ ಹೇಳಿದೆ. ನಮ್ಮಮ್ಮ ಅತ್ತಳು. ನಮ್ಮಪ್ಪ ಏನೂ ಹೇಳದೆ ಫೋನ್ ಇಟ್ಟರು. ಎದುರಿಗೆ ಕೂತು ಕೇಳಬೇಕು. ಅದಕ್ಕೇ ಈಗ ಊರಿಗೆ ಹೊರಟಿದ್ದೀನಿ."

"ಅವರು ಬೇಡ ಅಂದ್ರೆ?"

"ಗೊತ್ತಿಲ್ಲ. ಕೇಳ್ತಾನೇ ಇರ್ತೀನಿ. ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ಕೇಳಲ್ಲ. ಅದೊಂದೇ ನನಗೆ ಗೊತ್ತು."

ಚೀಲ ಹೆಗಲಿಗೇರಿಸಿ ಅವನು ಅಂಗಳಕ್ಕೆ ಇಳಿದ. ತಿರುಗಿ ನಿಂತ.

"ಹೋಗಿ ಬರ್ತೀನಿ."

ಹೊಸ್ತಿಲಲ್ಲಿದ್ದ ಸೆಲ್ವಿ ಬಾಯಿಯ ಮೇಲೆ ಕೈಯಿಟ್ಟಳು. ಸಾವಾದ ಮನೆಯಿಂದ ಹೊರಡುವವರು ಹೇಳದೆಯೇ ಹೋಗಬೇಕು. ಬರ್ತೀನಿ ಎನ್ನಬಾರದು.

"ಅಯ್ಯೋ, ಆ ಮಾತು ಹೇಳಬಾರದು ಸಾರ್..." ಎಂದಳು ಗೋಕಿಲಾ.

"ಗೊತ್ತು. ನಮ್ಮೂರಲ್ಲೂ ಹೇಳಲ್ಲ."

"ಮತ್ತೆ?"

"ಹೇಳದೆ ಹೋದ್ರೆ ನೀವು ನಾನು ಬರಲ್ಲ ಅಂದ್ಕೊಳ್ತೀರಿ. ಅದಕ್ಕಿಂತ ದೊಡ್ಡ ಅಪಶಕುನ ನನಗೆ ಯಾವುದೂ ಇಲ್ಲ."

ಆ ಸೀಮೆಯ ಹೆಂಡತಿಯರು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವರ ಬಾಯಲ್ಲಿ ಅದಕ್ಕೆಂದೇ ಒಂದು ಕರೆಯಿದೆ. ಇಷ್ಟು ದಿನ ಸಾರ್ ಎನ್ನುತ್ತಿದ್ದವಳು ಈಗ ಎರಡು ಮೆಟ್ಟಿಲು ಇಳಿದು ಬಂದಳು.

"ಏನುಂಗ..."

ಅವನು ಉಸಿರು ಹಿಡಿದು ನಿಂತ. "ಏನಂದ್ರಿ?"

"ಏನಿಲ್ಲ... ದಾರೀಲಿ ಹೊತ್ತಿಗೆ ಊಟ ಮಾಡಿ, ಅಂದೆ."

"ಮಾಡ್ತೀನಿ."

"ಅಪ್ಪ ಬೈದ್ರೆ ತಿರುಗಿ ಮಾತಾಡಬೇಡಿ."

"ಆಡಲ್ಲ."

ಗೇಟು ಮುಚ್ಚಿದ ಸದ್ದಾಯಿತು. ಗೋಕಿಲಾ ಬಸ್ಸಿನ ಹಾರ್ನ್ ಕೇಳುವ ತನಕ ಅಂಗಳದಲ್ಲೇ ನಿಂತಿದ್ದಳು.

ಜಾನಮ್ಮ ಹೋದದ್ದು ಆವಣಿಯ ಎರಡನೇ ಮಂಗಳವಾರ. ಪ್ರಣವ್ ಹೊರಟದ್ದು ಅದೇ ತಿಂಗಳ ಕೊನೆಯ ಗುರುವಾರ, ಬೆಳಗಿನ ಬಸ್ಸಿಗೆ. ಅವನು ಬರುವ ದಿನಕ್ಕೆ ಗೋಕಿಲಾ ಅಂದಿನಿಂದಲೇ ಎಣಿಸತೊಡಗಿದಳು.